ವೀರಗಲ್ಲಿನಲ್ಲಿ ಜಾಗ ಸಿಗದವರು

ಪುಣೆಯಲ್ಲಿ ಸೈನಿಕರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಖಡಕಿಯಲ್ಲಿ ಬಸ್ ಹತ್ತಿದರೆ ಪಕ್ಕದ ಸೀಟಿನಲ್ಲೇ ಇರುತ್ತಾರೆ: ಒಪ್ಪವಾಗಿ ಕತ್ತರಿಸಿದ ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಮಿಲಿಟರಿ ಕ್ಯಾಂಟೀನಿನ ಚೀಲ. ಬಾಂಬೆ ಸ್ಯಾಪರ್ಸ್ ಇರುವುದು ಖಡಕಿಯಲ್ಲಿ, ದಕ್ಷಿಣ ಕಮಾಂಡಿನ ಮುಖ್ಯ ಕಚೇರಿ ಕ್ಯಾಂಪಿನಲ್ಲಿ, ಅಧಿಕಾರಿಗಳಾಗಲಿರುವ ಹುಡುಗರು ತಯಾರಾಗುವುದು ಖಡಕವಾಸಲಾದಲ್ಲಿ, ಸೇನಾ ವೈದ್ಯರು ಕಲಿಯುವುದು ವಾನವಡಿಯಲ್ಲಿ. ಗಾಯಗೊಂಡವರ ಊರೂ ಇದೇ. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ ಕಸುಬು ಕಲಿಸಲೆಂದು 1917ರಲ್ಲಿ ಹುಟ್ಟಿದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಖಡಕಿಯಲ್ಲಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಹಿಡಿದ ಯೋಧರ ಪುನರ್ವಸತಿ ಕೇಂದ್ರವೂ ಅಲ್ಲಿಂದ ದೂರವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸತ್ತ 1,600ಕ್ಕೂ ಹೆಚ್ಚು ಜನರ ಸಮಾಧಿಗಳು ಸಾಲಾಗಿ ಮಲಗಿರುವ ಸ್ಮಶಾನವೂ ಅದೇ ಖಡಕಿಯದು. ಅಲ್ಲಿನ ಹುಲ್ಲನ್ನು ಎಷ್ಟು ನೀಟಾಗಿ ಕತ್ತರಿಸಿರುತ್ತಾರೆಂದರೆ ಚಪ್ಪಲಿ ಬಿಟ್ಟು ನಡೆಯೋಣ ಎನ್ನಿಸುತ್ತದೆ.

ಇಷ್ಟೆಲ್ಲ ಇದ್ದರೂ ಯುದ್ಧ ಎಂದರೆ ಏನು ಎಂದು ಈ ಊರಿನ ನಾಗರಿಕರಾದ ನಮಗೆ ಗೊತ್ತಿದೆ ಎಂದು ಹೇಳುವ ಧೈರ್ಯ ನನಗಿಲ್ಲ.

ನಾನು ಧಾರವಾಡದವಳು, ಮದುವೆಯಾಗಿ ಇಲ್ಲಿಗೆ ಬಂದು ಬ್ಯಾಂಕಿಗೆ ಸೇರಿದವಳು. ಪಿಂಚಣಿ ಕೌಂಟರಿನಲ್ಲಿ ಕುಳಿತಿದ್ದ ವರ್ಷಗಳಲ್ಲಿ ನವೆಂಬರ್ ಬಂತೆಂದರೆ ಮಾಜಿ ಸೈನಿಕರ ಸಾಲು ಬಾಗಿಲು ದಾಟಿ ಹೊರಗಿನ ಮೆಟ್ಟಿಲವರೆಗೆ ನಿಲ್ಲುತ್ತಿತ್ತು. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಸಾಬೀತು ಮಾಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಈಗ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಆಗ ಖುದ್ದಾಗಿ ಬಂದು ನನ್ನೆದುರು ಸಹಿ ಹಾಕಬೇಕಿತ್ತು. ಕೆಲವರ ಕಾಗದಗಳಲ್ಲಿ ಅಂಗವೈಕಲ್ಯದ ಅಂಶವೂ ಇರುತ್ತಿತ್ತು. ಊನವು ಸೇನಾ ಸೇವೆಯಿಂದ ಉಂಟಾದದ್ದೇ, ಅಥವಾ ಸೇವೆಯಿಂದ ಉಲ್ಬಣಗೊಂಡದ್ದೇ ಎಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿ ಶೇಕಡಾವಾರು ಬರೆದಿರುತ್ತದೆ. ಕಿವಿಗೆ ಇಷ್ಟು, ಮೊಣಕಾಲಿಗೆ ಇಷ್ಟು. ಒಬ್ಬ ಮನುಷ್ಯ ಎಷ್ಟು ಪಾಲು ಕೆಟ್ಟಿದ್ದಾನೆ ಎಂಬುದಕ್ಕೆ ಸರಕಾರದ ಬಳಿ ಅಂಕಿ ಇದೆ ಎಂಬುದೇ ನನಗೆ ಹೊಸದಾಗಿತ್ತು. ಆ ಅಂಕಿಗಾಗಿ ವರ್ಷಗಟ್ಟಲೆ ನ್ಯಾಯಮಂಡಳಿ ಅಲೆದವರನ್ನೂ ನೋಡಿದೆ.

ಒಂದು ಸಲ ಹೊಸದಾಗಿ ಸೇರಿದ ಹುಡುಗನೊಬ್ಬ ಸಾಲಿನಲ್ಲಿದ್ದ ಹಿರಿಯರನ್ನು ಹುರುಪಿನಿಂದ ಕೇಳಿಬಿಟ್ಟ: "ಕಾಕಾ, ಯುದ್ಧದಲ್ಲಿ ಎಷ್ಟು ಜನರನ್ನು ಹೊಡೆದಿರಿ?" ಅವರು ಅವನನ್ನೊಮ್ಮೆ ನೋಡಿ, ಫ್ಯಾನ್ ಸ್ವಲ್ಪ ಜೋರು ಮಾಡಲು ಸಾಧ್ಯವೇ ಎಂದು ಕೇಳಿದರು. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಟಿವಿಯಿಂದ ಹಿಡಿದು ಶಾಲೆಯ ಭಾಷಣದವರೆಗೆ ನಾವೆಲ್ಲ ಅವನಿಗೆ ಕಲಿಸಿದ ಪ್ರಶ್ನೆ ಅದೊಂದೇ.

ನಮ್ಮ ಕಡೆಯ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ವೀರ ಕಾದಾಡುತ್ತಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಶಿವಲಿಂಗದ ಎದುರು ಕುಳಿತಿರುತ್ತಾನೆ. ಧಾರವಾಡದ ಸುತ್ತಿನ ಹಳ್ಳಿಗಳಲ್ಲೂ ಪುಣೆಯ ಸುತ್ತಿನ ಹಳೆಯ ಗುಡಿಗಳ ಅಂಗಳದಲ್ಲೂ ನಾನು ಕಂಡ ಕಲ್ಲುಗಳ ಕಥೆ ಹೀಗೆಯೇ ಸಾಗುತ್ತದೆ. ಏಟು ತಿಂದು ಬದುಕಿದವನಿಗೆ ಅದರಲ್ಲಿ ಜಾಗವಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನಕಲ್ಲು ಈಗ ಬೆಂಗಳೂರಿನ ಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರು ಚೋಳರನ್ನು ಗೆದ್ದ ತಕ್ಕೋಲದ ಯುದ್ಧದ ಸುದ್ದಿಯ ಜೊತೆಗೆ, ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪನ್ನೂ ಅದು ಕಾಪಾಡಿದೆ. ಸತ್ತ ನಾಯಿಗೂ ಕಲ್ಲು ಸಿಕ್ಕಿದೆ. ಕುಂಟುತ್ತ ಮನೆಗೆ ಬಂದು ಇನ್ನೂ ನಲವತ್ತು ವರ್ಷ ಬದುಕಿದವನಿಗೆ ಸಿಕ್ಕಿಲ್ಲ.

ಕಲ್ಲು ಕೆತ್ತುವುದು ನಿಂತರೂ ಅದರ ಅಚ್ಚು ನಮ್ಮ ತಲೆಯಲ್ಲಿ ಹಾಗೆಯೇ ಉಳಿದಿದೆ. ಮುರಳಿಕಾಂತ ಪೇಟ್ಕರ್ ಅವರ ಕಥೆಯನ್ನು ನಾವು ಹೇಗೆ ಹೇಳಿಕೊಳ್ಳುತ್ತೇವೆ ನೋಡಿ. 1965ರಲ್ಲಿ ಸಿಯಾಲ್‌ಕೋಟ್ ವಲಯದಲ್ಲಿ ಗುಂಡು ತಗುಲಿತು; 1972ರಲ್ಲಿ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ಭಾರತಕ್ಕೆ ಮೊದಲ ಚಿನ್ನ ಬಂತು. ಕೆಳಗಿನ ಪಟ್ಟಿಕೆ, ಮೇಲಿನ ಪಟ್ಟಿಕೆ. ನಡುವಿನ ಏಳು ವರ್ಷ ಎಂಥದಿತ್ತು ಎಂದು ಕೇಳುವ ತಾಳ್ಮೆ ಕಡಿಮೆ. ಸಿಯಾಚಿನ್‌ನ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದಿದ್ದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನನ್ನ ತವರಿನವರೆಲ್ಲ ಅತ್ತರು, ನಾನೂ ಅತ್ತೆ. ಆದರೆ ಅವರೇನಾದರೂ ಬದುಕುಳಿದು, ಬೆರಳು ಕಳೆದುಕೊಂಡು, ರಾತ್ರಿ ಬೆಚ್ಚಿಬೀಳುತ್ತ ಊರಿಗೆ ಬಂದಿದ್ದರೆ ನಾವು ಎಷ್ಟು ತಿಂಗಳು ನೆನಪಿಟ್ಟುಕೊಳ್ಳುತ್ತಿದ್ದೆವು?

ಮಹಾಭಾರತ ಈ ವಿಷಯದಲ್ಲಿ ಕಲ್ಲುಕುಟಿಗನಿಗಿಂತ ನಿಷ್ಠುರ. ಅಲ್ಲಿ ಗಾಯ ಮಾಯದವನೊಬ್ಬನಿದ್ದಾನೆ. ನಿದ್ದೆಯಲ್ಲಿದ್ದವರನ್ನು ಕೊಂದ ಅಶ್ವತ್ಥಾಮ, ಹಣೆಯ ಮಣಿ ಕೀಳಿಸಿಕೊಂಡು, ಕೀವು ನೆತ್ತರು ಸುರಿಸುತ್ತ ಸಾವಿಲ್ಲದೆ ಅಲೆಯುತ್ತಾನೆ. ಅವನು ಇಂದಿಗೂ ಹಣೆಯ ಗಾಯಕ್ಕೆ ಹಚ್ಚಿಕೊಳ್ಳಲು ಎಣ್ಣೆ ಬೇಡುತ್ತ ಮನೆಬಾಗಿಲಿಗೆ ಬರುತ್ತಾನೆಂಬ ನಂಬಿಕೆ ಮಹಾರಾಷ್ಟ್ರದಲ್ಲಿದೆ. ನಮ್ಮ ಶಾಖೆಯ ಮರಾಠಿ ಗೆಳತಿಯೊಬ್ಬಳ ಅಜ್ಜಿ, ಹೊತ್ತು ಮುಳುಗಿದ ಮೇಲೆ ಎಣ್ಣೆ ಕೇಳಿದವರಿಗೆ ಇಲ್ಲವೆನ್ನುತ್ತಿರಲಿಲ್ಲವಂತೆ. ವಿಯೆಟ್ನಾಂನಿಂದ ಮರಳಿದ ಸೈನಿಕರಿಗೆ ಬಾಸ್ಟನ್ನಿನಲ್ಲಿ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ, ತನ್ನ ರೋಗಿಗಳ ಮಾತು ಅರ್ಥವಾಗಲು ಗ್ರೀಕ್ ಕವಿ ಹೋಮರನ ಯೋಧ ಅಕಿಲೀಸ್‌ನ ಬಳಿಗೆ ಹೋಗಿ 1994ರಲ್ಲಿ ಒಂದು ಪುಸ್ತಕ ಬರೆದರು. ಯುದ್ಧದ ನಂತರ ಬಿಡದೆ ಕಾಡುವ ಮಾನಸಿಕ ಆಘಾತಕ್ಕೆ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಜಾಗ ಕೊಟ್ಟದ್ದೇ 1980ರಲ್ಲಿ. ಎಣ್ಣೆ ಕೊಡುತ್ತಿದ್ದ ಅಜ್ಜಿಗೆ ಅದು ಮೊದಲೇ ಗೊತ್ತಿತ್ತು.

ಪಿಂಚಣಿ ಸಾಲಿನಲ್ಲೇ ನನಗೆ ಹವಾಲ್ದಾರ್ ಕಾಕಾ ಸಿಕ್ಕಿದ್ದು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ, ಗೋಕಾಕ, ಅಥಣಿ, ಚಿಕ್ಕೋಡಿ ಕಡೆಯ ಹುಡುಗರು ಅದಕ್ಕೆ ಸೇರುವುದು ಹೊಸತೇನಲ್ಲ. ಪಲ್ಟಣ್ಣಿನಲ್ಲಿ ಮರಾಠಿ, ಅಧಿಕಾರಿಗಳೊಡನೆ ಹಿಂದಿ, ಮನೆಯಲ್ಲಿ ಕನ್ನಡ. ನಾನು ಕನ್ನಡದಲ್ಲಿ "ಇಲ್ಲಿ ಸಹಿ ಮಾಡಿರಿ" ಎಂದದ್ದೇ ತಡ, "ಯಾವ ಊರು ತಂಗಿ?" ಎಂದರು. ಮಗ ಇಲ್ಲಿನ ಕಾರ್ಖಾನೆಯೊಂದರಲ್ಲಿ ಇದ್ದುದರಿಂದ ದಿಘಿಯಲ್ಲಿ ಮನೆ ಮಾಡಿದ್ದರು. ಆಮೇಲೆ ನಮ್ಮ ಹೋಗುಬರುವಿಕೆ ಬೆಳೆಯಿತು.

ಕಾಕಾ 1971ರಲ್ಲಿ ಜಂಗಿ ಪಲ್ಟಣ್ ಎಂದು ಹೆಸರಾದ ಒಂದನೆಯ ಮರಾಠಾದಲ್ಲಿದ್ದರು. ಆಗಿನ ಪೂರ್ವ ಪಾಕಿಸ್ತಾನಕ್ಕೆ ಉತ್ತರದಿಂದ ಇಳಿದ ನಮ್ಮ ಬ್ರಿಗೇಡ್ ಹಳೆಯ ಬ್ರಹ್ಮಪುತ್ರವನ್ನು ದಾಟಿ ಜಮಾಲ್‌ಪುರದ ದಕ್ಷಿಣಕ್ಕೆ ಬಂದು ದಾರಿ ಕಟ್ಟಿತು. ಊರೊಳಗಿದ್ದ ಪಾಕಿಸ್ತಾನದ 31 ಬಲೂಚ್ ಪಡೆಗೆ ಶರಣಾಗುವಂತೆ ಪತ್ರ ಹೋಯಿತು; ಉತ್ತರದ ಕಾಗದದ ಜೊತೆ ಒಂದು ಗುಂಡು ಬಂತು. ಡಿಸೆಂಬರ್ 10ರ ರಾತ್ರಿ ಅವರು ಮುತ್ತಿಗೆ ಮುರಿದು ಢಾಕಾದ ಕಡೆಗೆ ಹೊರಬರಲು ನುಗ್ಗಿದರು. ಅಡ್ಡ ಕುಳಿತಿದ್ದವರು ಕಾಕಾರ ಪಲ್ಟಣ್ಣಿನವರು. ಇದಿಷ್ಟನ್ನೂ ನಾನು ಪುಸ್ತಕಗಳಲ್ಲಿ ಓದಿ ತಿಳಿದದ್ದು. ಕಾಕಾ ಹೇಳುತ್ತಿದ್ದದ್ದು ಬೇರೆಯೇ. ನದಿ ದಾಟುವ ರಾತ್ರಿ ಪ್ಯಾಂಟು ಒದ್ದೆಯಾದರೆ ಚಳಿಗೆ ಸಾಯುತ್ತೇವೆಂದು ಅದನ್ನು ಬಿಚ್ಚಿ ತಲೆಗೆ ಸುತ್ತಿಕೊಂಡದ್ದು. ಆಚೆ ದಡದಲ್ಲಿ ಕತ್ತಲಲ್ಲಿ ಹಾಕಿಕೊಳ್ಳುವಾಗ ಒಬ್ಬನ ಪ್ಯಾಂಟು ಇನ್ನೊಬ್ಬನಿಗೆ ಹೋದದ್ದು. ಕುಳ್ಳಗಿದ್ದ ಇವರ ಪಾಲಿಗೆ ಸಾತಾರಾ ಕಡೆಯ ಆರಡಿಯ ಆಳಿನದು ಬಂದು, ಎರಡು ದಿನ ಮಡಚಿಕೊಂಡೇ ಯುದ್ಧ ಮಾಡಿದ್ದು. ಸಾಮಾನು ಹೊತ್ತ ಎತ್ತಿನ ಗಾಡಿಗಳು, ಕೆಸರು, ಜೇಬಿನಲ್ಲಿ ಪುಡಿಯಾದ ಶಕ್ಕರ್‌ಪಾರಾ. ಅವರ ಹೆಂಡತಿ ಕಾಕುಗೆ ಈ ಪ್ಯಾಂಟಿನ ಕಥೆ ಬಾಯಿಪಾಠ. "ಇವರು ಪಾಕಿಸ್ತಾನದ ಜೊತೆ ಹೊಡೆದಾಡಿದರೋ ಪ್ಯಾಂಟಿನ ಜೊತೆಯೋ ನನಗಂತೂ ತಿಳಿಯದು" ಎನ್ನುತ್ತಿದ್ದರು.

ಇದೇ ಕಾಕಾರನ್ನು ಪ್ರತಿ ಜನವರಿ 26ಕ್ಕೆ ಅವರ ಸೊಸೈಟಿಯವರು ಕುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಮೈಕು ಹಿಡಿಸುತ್ತಾರೆ. ನಾನೂ ಒಂದು ವರ್ಷ ಹೋಗಿದ್ದೆ. ಕಾಕಾ ಎದೆ ಸೆಟೆಸಿ ನಿಂತು ಹಿಂದಿಯಲ್ಲಿ ಮಾತಾಡಿದರು. ಶತ್ರು ಬೆನ್ನು ತೋರಿಸಿ ಓಡಿದ, ನಮ್ಮ ಜವಾನರಿಗೆ ಸಾವಿನ ಹೆದರಿಕೆಯೇ ಇರಲಿಲ್ಲ, ಜೈ ಹಿಂದ್. ಪ್ಯಾಂಟೂ ಇಲ್ಲ, ಕೆಸರೂ ಇಲ್ಲ. ಚಪ್ಪಾಳೆಯೋ ಚಪ್ಪಾಳೆ. ಮನೆಗೆ ನಡೆಯುತ್ತ ಕೇಳಿದೆ: "ಕಾಕಾ, ಅವರು ಬೆನ್ನು ತೋರಿಸಿ ಓಡಿದರೆ?" "ಎಲ್ಲಿ ಓಡಿದರು ತಂಗಿ! ಮುಖ ಕೊಟ್ಟೇ ಬಂದರು, ಮತ್ತೆ ಮತ್ತೆ ಬಂದರು. ಆದರೆ ಇವರು ಶಾಲು ಹೊದಿಸಿದ್ದಾರೆ, ನಾನು ಮತ್ತೇನು ಹೇಳಲಿ?"

ಅದನ್ನು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಟಾಲ್‌ಸ್ಟಾಯ್. ಸೆವಾಸ್ತೊಪೋಲಿನ ಮುತ್ತಿಗೆಯಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದ ರಷ್ಯನ್ ಲೇಖಕ ಆತ. ಅವನ ದೊಡ್ಡ ಕಾದಂಬರಿ 'ಯುದ್ಧ ಮತ್ತು ಶಾಂತಿ'ಯಲ್ಲಿ ನಿಕೊಲಾಯ್ ರೊಸ್ತೋವ್ ಎಂಬ ಎಳೆಯ ಕುದುರೆ ಸವಾರ ಮೊದಲ ಸಲ ಅಶ್ವದಳದ ದಾಳಿಗೆ ಇಳಿಯುತ್ತಾನೆ. ಕುದುರೆಗೆ ಗುಂಡು ಬಿದ್ದು ಕುಸಿಯುತ್ತದೆ, ಕೈ ಉಳುಕುತ್ತದೆ, ಎದುರಿನಿಂದ ಫ್ರೆಂಚರು ಓಡಿ ಬರುತ್ತಾರೆ. ಇವರು ಯಾಕೆ ಓಡಿ ಬರುತ್ತಿದ್ದಾರೆ, ನನ್ನನ್ನು ಕೊಲ್ಲಲೆಂದೇ, ಎಲ್ಲರಿಗೂ ಇಷ್ಟು ಬೇಕಾದ ನನ್ನನ್ನೇ ಎಂದು ಅವನಿಗೆ ನಂಬಲಾಗುವುದಿಲ್ಲ. ಪಿಸ್ತೂಲನ್ನು ಹಾರಿಸುವ ಬದಲು ಬೀಸಿ ಎಸೆದು ಪೊದೆಗಳ ಕಡೆಗೆ ಓಡುತ್ತಾನೆ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಪುಟ ಮುಂದೆ ಬರುತ್ತದೆ. ಅದೇ ರೊಸ್ತೋವ್ ಗೆಳೆಯರ ಎದುರು ಆ ದಿನವನ್ನು ವರ್ಣಿಸಲು ಕೂರುತ್ತಾನೆ. ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕೆಂದೇ ಶುರು ಮಾಡುತ್ತಾನೆ. ಕೇಳುವವರ ಮನಸ್ಸಿನಲ್ಲಿ ಅಶ್ವದಳದ ದಾಳಿ ಎಂದರೆ ಹೀಗಿರಬೇಕು ಎಂಬ ಚಿತ್ರ ಮೊದಲೇ ಇದೆ. ತನಗೇ ಅರಿವಾಗದಂತೆ ಅವನ ಕಥೆ ಆ ಚಿತ್ರಕ್ಕೆ ಹೊರಳಿ, ಕತ್ತಿ ಬೀಸುತ್ತ, ಶತ್ರುಗಳನ್ನು ತರಿಯುತ್ತ ಸಾಗುತ್ತದೆ. ಅವನು ಸುಳ್ಳ ಎಂದು ಟಾಲ್‌ಸ್ಟಾಯ್ ಬಯ್ಯುವುದಿಲ್ಲ. ನಿಜ ಹೇಳುವುದು ಬಲು ಕಷ್ಟ ಎನ್ನುತ್ತಾನೆ ಅಷ್ಟೆ.

ಯುದ್ಧದ ಕಥೆಗಳಲ್ಲಿ ಸುಳ್ಳು ಹುಟ್ಟುವುದು ಬಹಳ ಸಲ ಹೇಳುವವನ ಬಾಯಲ್ಲಲ್ಲ, ಕೇಳುವವರ ಕಿವಿಯಲ್ಲಿ ಎಂದು ನಾನು ನಂಬಿದ್ದು ಆ ಪುಟದಿಂದ. ಶಾಲು ಹೊದಿಸಿದ ಮೇಲೆ ಶಾಲಿಗೆ ತಕ್ಕ ಮಾತೇ ಬರುತ್ತದೆ. ಒಳ್ಳೆಯ ಕಾದಂಬರಿಯಿಂದ ನನಗೆ ಆದ ಲಾಭವೂ ಅದೇ: ಕೇಳುವವಳಾಗಿ ನನ್ನ ತಲೆಯಲ್ಲಿ ಮೊದಲೇ ಕುಳಿತಿದ್ದ ಚಿತ್ರವನ್ನು ಅದು ಕದಲಿಸಿತು.

ಈ ರೊಸ್ತೋವನ ಪ್ರಸಂಗವನ್ನು ಒಂದು ಮಧ್ಯಾಹ್ನ ಕಾಕಾಗೆ ಕನ್ನಡದಲ್ಲಿ ಹೇಳಿದೆ. ಪಿಸ್ತೂಲು ಎಸೆದು ಓಡಿದ ಎಂದಾಗ ನಕ್ಕರು, ಅಣಕದ ನಗುವಲ್ಲ, ಗುರುತು ಸಿಕ್ಕ ನಗು. ಆಮೇಲೆ ಗಂಭೀರವಾಗಿ ಕೇಳಿದರು: "ಕೈ ಉಳುಕಿತ್ತು ಎಂದೆಯಲ್ಲ, ಅವನಿಗೆ ಎಷ್ಟು ಪರ್ಸೆಂಟ್ ಹಾಕಿದರು?"

ಕನ್ನಡಿಗರಿಗೆ ರೊಸ್ತೋವ್ ಅಪರಿಚಿತನೇನಲ್ಲ. ಅವನು ನಮ್ಮಲ್ಲಿ ಉತ್ತರಕುಮಾರ. 'ಉತ್ತರನ ಪೌರುಷ ಒಲೆಯ ಮುಂದೆ' ಎಂದು ಗಾದೆ ಕಟ್ಟಿ ಶತಮಾನಗಳಿಂದ ನಗುತ್ತ ಬಂದಿದ್ದೇವೆ. ಪುಣೆಯಲ್ಲಿ ಹೋಟೆಲು ನಡೆಸುವ ಕರಾವಳಿಯವರು ಆಗಾಗ ಊರಿನಿಂದ ಯಕ್ಷಗಾನ ಮೇಳ ಕರೆಸುತ್ತಾರೆ. ಅಂಥದೊಂದು ಆಟಕ್ಕೆ ಕಾಕಾರನ್ನು ಕರೆದೊಯ್ದಿದ್ದೆ; ಪ್ರಸಂಗ ಉತ್ತರ ಗೋಗ್ರಹಣ. ಉತ್ತರನ ವೇಷಧಾರಿ ಪಳಗಿದ ಕಲಾವಿದ. ಅಂತಃಪುರದ ಹೆಂಗಸರ ಮುಂದೆ ಭೀಷ್ಮದ್ರೋಣರನ್ನು ಕಿರುಬೆರಳಲ್ಲಿ ಎತ್ತಿ ಎಸೆಯುವ ಜಂಬ, ಆಮೇಲೆ ಕೌರವ ಸೇನೆ ಕಣ್ಣಿಗೆ ಬಿದ್ದದ್ದೇ ರಥದಿಂದ ಧುಮುಕಿ ಓಟ. ಬೃಹನ್ನಳೆ ಹಿಂದೆ ಓಡಿ ಹಿಡಿದು ಎಳೆದು ತರುವಾಗ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾಕಾ ನಗಲಿಲ್ಲ. ಉತ್ತರ ಕೈ ಮುಗಿದು, ಬಿಟ್ಟುಬಿಡು, ಮನೆಗೆ ಹೋಗುತ್ತೇನೆ ಎಂದು ಗೋಗರೆಯುವಾಗ ಮುಂದಕ್ಕೆ ಬಾಗಿ ಕುಳಿತು ನೋಡಿದರು. ಬಿಡುವಿನಲ್ಲಿ ಚಹಾ ಕುಡಿಯುತ್ತ ಕೇಳಿದರು, "ಆ ಹುಡುಗ ಮುಂದೆ ಏನಾದ?"

ಏನಾದ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಅಂದು ಅಳುತ್ತಲೇ ಅವನು ಅರ್ಜುನನ ಸಾರಥಿಯಾಗಿ ಅದೇ ಸೇನೆಯ ನಡುವೆ ರಥ ನಡೆಸಿದ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಆನೆಯೇರಿ ಹೋಗಿ, ಶಲ್ಯನ ರಥದ ಕುದುರೆಗಳನ್ನು ಕೆಡವಿ, ಶಲ್ಯನ ಆಯುಧಕ್ಕೆ ಸಿಕ್ಕಿ ಸತ್ತ. ಹದಿನೆಂಟು ದಿನದ ಯುದ್ಧದಲ್ಲಿ ಒಂದು ದಿನವನ್ನೂ ಪೂರ್ತಿ ಕಾಣಲಿಲ್ಲ. ಹೆದರಿದವನೂ ಅವನೇ, ಹೆದರಿಕೆ ಏನೆಂದು ತಿಳಿದೂ ಮತ್ತೆ ಹೋದವನೂ ಅವನೇ. ಗಾದೆಯಲ್ಲಿ ಉಳಿದದ್ದು ಒಲೆ ಮಾತ್ರ. ಕುಮಾರವ್ಯಾಸನನ್ನು ನಾನು ಬಹಳ ಮೆಚ್ಚುತ್ತೇನೆ, ಆ ಹಾಸ್ಯವನ್ನೂ ಮೆಚ್ಚುತ್ತೇನೆ. ಆದರೆ ಅಂದಿನಿಂದ ಆ ಗಾದೆ ನನ್ನ ಬಾಯಿಗೆ ಬರುತ್ತಿಲ್ಲ.

ಕಾಕಾರಂಥವರು ಕೈಗೆ ಸಿಗುತ್ತಾರೆ, ಕೇಳಬಹುದು. ಸಿಗದವರ ಗತಿ ಏನು? ಈ ಊರಿನ ಹೆಸರು ಹೊತ್ತೇ ಹೋದ ಒಂದು ದೊಡ್ಡ ಪಡೆಯಿತ್ತು: ಆರನೆಯ ಪೂನಾ ಡಿವಿಜನ್. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಹೋದ ಅದರಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣ್ಣುಗಳಿದ್ದವು. ಟೈಗ್ರಿಸ್ ದಂಡೆಯ ಕೂತ್ ಎಂಬ ಊರಿನಲ್ಲಿ 1915ರ ಡಿಸೆಂಬರಿನಿಂದ ತುರ್ಕರು ಅವರನ್ನು ಮುತ್ತಿದರು. ಕಾಳು ಮುಗಿದ ಮೇಲೆ ಸೇನೆಯ ಕುದುರೆಗಳನ್ನೇ ಕಡಿದು ತಿನ್ನತೊಡಗಿದರು. ನಮ್ಮವರು ಬಹಳ ದಿನ ಒಪ್ಪಲಿಲ್ಲ. ಊರಿಗೆ ಹೋದ ಮೇಲೆ ಜಾತಿಯವರು ಪಂಕ್ತಿಯಲ್ಲಿ ಕೂರಿಸುತ್ತಾರೋ ಇಲ್ಲವೋ, ಹೆಣ್ಣು ಕೊಡುತ್ತಾರೋ ಇಲ್ಲವೋ ಎಂಬ ಚಿಂತೆ. ಕೊನೆಗೆ ಭಾರತದ ಧರ್ಮಗುರುಗಳಿಂದ ಅಪ್ಪಣೆ ತರಿಸಿ ತಿನ್ನಿಸಬೇಕಾಯಿತು. 1916ರ ಏಪ್ರಿಲ್ 29ರಂದು ಶರಣಾದಾಗ ಸೆರೆಯಾದವರು ಸುಮಾರು 13,000. ಮರುಭೂಮಿಯ ನಡಿಗೆಯಲ್ಲಿ, ಸೆರೆಯಲ್ಲಿ ಸಾವಿರಾರು ಜನ ಸತ್ತರು. ಬ್ರಿಟಿಷ್ ಅಧಿಕಾರಿಗಳು ದಿನಚರಿ ಬರೆದರು, ನೆನಪಿನ ಪುಸ್ತಕಗಳನ್ನು ಪ್ರಕಟಿಸಿದರು. ಸಾಂಗ್ಲಿಯ, ಬೆಳಗಾವಿಯ ಸಿಪಾಯಿಗೆ ಬರೆಯಲು ಬರುತ್ತಿರಲಿಲ್ಲ. ಆ ಕುದುರೆ ಮಾಂಸದ ಮೊದಲ ತುತ್ತು ಅವನಿಗೆ ಹೇಗೆ ಇಳಿಯಿತು ಎಂಬುದನ್ನು ಇನ್ನು ಯಾರಾದರೂ ಊಹಿಸಿಯೇ ಬರೆಯಬೇಕು.

ಬರೆದ ಪತ್ರಗಳೂ ನೇರವಾಗಿ ನಮಗೆ ಸಿಕ್ಕಿಲ್ಲ. ಫ್ರಾನ್ಸಿನ ಕಂದಕಗಳಲ್ಲಿದ್ದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಸೆನ್ಸಾರ್ ಕಚೇರಿ ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಕ್ಕೆ ವರದಿ ಮಾಡುತ್ತಿತ್ತು. ಉಳಿದಿರುವುದು ಆ ವರದಿ, ಅದೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಸಿಪಾಯಿಗಳೇನು ದಡ್ಡರಲ್ಲ, ಯಾರೋ ಓದುತ್ತಾರೆಂದು ಗೊತ್ತಿತ್ತು. ಕರಿಮೆಣಸು ಮುಗಿಯುತ್ತ ಬಂತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಎಂಬಂತೆ ಬರೆಯುತ್ತಿದ್ದರು. ಕರಿಮೆಣಸೆಂದರೆ ನಮ್ಮವರು, ಕೆಂಪು ಮೆಣಸೆಂದರೆ ಬಿಳಿಯರು. ಸೆನ್ಸಾರಿನವನೂ ದಡ್ಡನಲ್ಲ, ಅವನಿಗೂ ತಿಳಿಯುತ್ತಿತ್ತು. ಅಂದರೆ ಅಲ್ಲಿಯೂ ಕೇಳುವವನೊಬ್ಬ ನಡುವೆ ಕುಳಿತಿದ್ದ, ಹೇಳುವವನು ಅವನಿಗೆ ತಕ್ಕಂತೆ ಮಾತು ಮಡಚುತ್ತಿದ್ದ.

ಅದೇ 1915ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಚಂದ್ರಧರ ಶರ್ಮಾ ಗುಲೇರಿ ಹಿಂದಿಯಲ್ಲಿ 'ಉಸನೇ ಕಹಾ ಥಾ' ಎಂಬ ಕಥೆ ಬರೆದರು. ಆ ಕಂದಕಗಳನ್ನು ಅವರು ಕಂಡವರಲ್ಲ. ಆದರೂ ಕಥೆಯ ಸಿಪಾಯಿ ಲಹನಾಸಿಂಗ್ ಸಾಯುವ ಹೊತ್ತಿನಲ್ಲಿ ಅಮೃತಸರದ ಬಜಾರು ಅವನ ಕಣ್ಣಿಗೆ ಬರುವ ಬಗೆಯಲ್ಲಿ, ಸೆನ್ಸಾರ್ ವರದಿಯ ಎಷ್ಟೋ ಪುಟಗಳಲ್ಲಿ ಸಿಗದ ಮನುಷ್ಯ ಸಿಗುತ್ತಾನೆ. ಅಮೆರಿಕದ ಸ್ಟೀಫನ್ ಕ್ರೇನ್ ಹುಟ್ಟಿದ್ದು ಅಲ್ಲಿನ ಅಂತರ್ಯುದ್ಧ ಮುಗಿದ ಆರು ವರ್ಷದ ಮೇಲೆ. ಆ ಯುದ್ಧದ ಬಗ್ಗೆ ಅವನು ಬರೆದ ಕಾದಂಬರಿ ಓದಿದ ಹಳೆಯ ಸೈನಿಕರು ಇವನೂ ನಮ್ಮ ಜೊತೆ ಇದ್ದವನೇ ಇರಬೇಕು ಎಂದುಕೊಂಡರು. ಹೋಗಿ ಬಂದವನೇ ಬರೆಯಬೇಕು ಎಂಬ ಹಟ ನನಗಿಲ್ಲ.

ಕಥೆಗಾರರ ಮೇಲೆ ನನ್ನ ದೂರು ಬೇರೆ ಇದೆ, ಮತ್ತು ಅದನ್ನು ಮೊದಲು ಎತ್ತಿದವರು ಕಾಕಾ. ಅವರ ಮೊಮ್ಮಗ ಹಾಕಿದ್ದ ಯುದ್ಧದ ಸಿನಿಮಾವೊಂದನ್ನು ಕೊನೆಯವರೆಗೆ ನೋಡಿ ಹೇಳಿದರು: "ಎಲ್ಲ ಸರಿ. ಇದರಲ್ಲಿ ಒಬ್ಬನೂ ರಜೆ ಅರ್ಜಿ ಬರೆಯುವುದಿಲ್ಲವಲ್ಲ!" ನಿಜ. ಫೌಜಿಯ ಬದುಕು ತಿರುಗುವುದೇ ಛುಟ್ಟಿಯ ಸುತ್ತ. ರಜೆ ಯಾವಾಗ, ರೈಲು ಟಿಕೆಟು ಹೇಗೆ, ಊರಿನಲ್ಲಿ ದಾಯಾದಿ ಬದುವನ್ನು ಒತ್ತಿದ್ದಾನಂತೆ, ಬಡ್ತಿ ಪರೀಕ್ಷೆ, ಲಂಗರ್‌ನಲ್ಲಿ ಮತ್ತೆ ಅದೇ ಬೇಳೆ. ಕಥೆಗಾರರಿಗೆ ಸೂಕ್ಷ್ಮ ಮನಸ್ಸಿನ, ಕವಿತೆ ಓದುವ ಸೈನಿಕನೇ ಬೇಕು, ಏಕೆಂದರೆ ಅವನು ಕಥೆಗಾರನಂತೆಯೇ ಯೋಚಿಸುತ್ತಾನೆ. ಬದುವಿನ ಚಿಂತೆಯಲ್ಲೇ ಮೋರ್ಚಾದ ಕಂದಕದಲ್ಲಿ ಕುಳಿತವನನ್ನು ಬರೆಯುವುದು ಕಷ್ಟ. ಯಾಕೆ ಹೋದೆವೆಂದೇ ತಿಳಿಯದೆ ಹೋಗಿ ಬಂದವರನ್ನು ಬರೆಯುವುದು ಇನ್ನೂ ಕಷ್ಟ. 1987ರಿಂದ 1990ರವರೆಗೆ ಶ್ರೀಲಂಕೆಯಲ್ಲಿ, ಶಾಂತಿ ಕಾಯಲೆಂದು ಹೋದ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಅಲ್ಲಿಂದ ಬದುಕಿ ಬಂದವರು ನನ್ನ ಕೌಂಟರಿಗೂ ಬರುತ್ತಿದ್ದರು. ಅವರಿಗೆ ಶಾಲು ಹೊದಿಸಿದ್ದನ್ನು ನಾನು ನೋಡಿಲ್ಲ. ಬಹುಶಃ ಅದಕ್ಕೇ ಅವರ ಮಾತಿನಲ್ಲಿ ಭಾಷಣ ಇರುತ್ತಿರಲಿಲ್ಲ.

ಈಗೀಗ ನಾನು ಯುದ್ಧದ ಬಗ್ಗೆ ಕೇಳುವುದಿಲ್ಲ. ಅಲ್ಲಿ ಚಹಾ ಯಾರು ಮಾಡುತ್ತಿದ್ದರು, ನಿದ್ದೆ ಬಂದರೆ ಏನು ಮಾಡುತ್ತಿದ್ದಿರಿ, ಪಕ್ಕದಲ್ಲಿ ಯಾರಿರುತ್ತಿದ್ದರು ಎಂದು ಕೇಳುತ್ತೇನೆ. ಮಿಕ್ಕಂತೆ ಅವರ ಜೊತೆ ಶೇಂಗಾ ಸುಲಿಯುತ್ತೇನೆ. ಹಾಗೆ ಸುಲಿಯುತ್ತಿದ್ದ ಒಂದು ಸಂಜೆ, ನೀರಿನ ಟ್ಯಾಂಕರ್ ಬಾರದ ಬಗ್ಗೆ ಮಾತು ನಡೆದಿತ್ತು, ಕಾಕಾ ತಾವಾಗಿ ಹೇಳಿದರು. ಜಮಾಲ್‌ಪುರದ ಆ ರಾತ್ರಿ ಗುಂಡಿನ ಸದ್ದು ಇಳಿದ ಮೇಲೆ ಎದುರಿನ ಹೊಲದಿಂದ ಕೂಗು ಕೇಳುತ್ತಿತ್ತಂತೆ. ಪಾನೀ, ಪಾನೀ. ಮೋರ್ಚಾ ಬಿಟ್ಟು ಕದಲಕೂಡದೆಂದು ಹುಕುಂ. ಅವರಲ್ಲಿ ಮತ್ತೆ ಯಾರು ಬಂದೂಕು ಹಿಡಿದು ಕಾದಿದ್ದಾರೋ ಗೊತ್ತಿಲ್ಲ. ಒಂದು ಕೂಗು ಎಡಕ್ಕಿತ್ತು, ಇನ್ನೊಂದು ನೆಟ್ಟಗೆ ಎದುರಿಗೆ. ಎಡಗಡೆಯದು ಬೇಗ ನಿಂತಿತು. "ನನ್ನ ಬಾಟಲಿ ತುಂಬಿತ್ತು" ಎಂದರು. ಕೈಯಲ್ಲಿದ್ದ ಕಾಯಿಯನ್ನು ಒಡೆದರು, ಬೀಜವನ್ನು ತಟ್ಟೆಗೆ ಹಾಕಿದರು, ಸಿಪ್ಪೆಯನ್ನು ಮತ್ತೊಂದಕ್ಕೆ ಹಾಕಿದರು. ನಾನು ಏನೂ ಕೇಳಲಿಲ್ಲ. ಆ ರಾತ್ರಿಯ ಬಗ್ಗೆ ಪುಸ್ತಕಗಳಲ್ಲಿ ಗೆಲುವಿನ ಲೆಕ್ಕವಿದೆ, ಅದು ಸರಿಯಾದ ಲೆಕ್ಕವೇ, ಆ ಪಲ್ಟಣ್ಣಿಗೆ ಜಮಾಲ್‌ಪುರದ ಯುದ್ಧ ಗೌರವವೂ ಸಂದಿದೆ. ಎರಡೂ ಒಂದೇ ರಾತ್ರಿಯವು.

ಕಾಕು ಅಷ್ಟು ಹೊತ್ತು ಒಳಗೆ ರೊಟ್ಟಿ ಬಡಿಯುತ್ತಿದ್ದವರು ಹೊರಗೆ ಬಂದರು. ಅವರಿಗೆ ಕೇಳಿಸಿತ್ತೋ ಇಲ್ಲವೋ. "ಎಲ್ಲರೂ ಇವರನ್ನೇ ಕೇಳುತ್ತಾರೆ, ನನ್ನನ್ನು ಯಾರಾದರೂ ಕೇಳಿದ್ದಾರೆಯೇ?" ಎಂದು ಎದುರು ಕುಳಿತರು. ಹಾಗಾದರೆ ಹೇಳಿ ಕಾಕು ಎಂದೆ. ಮದುವೆಯಾದ ಮೊದಲ ವರ್ಷಗಳಲ್ಲಿ ಗಂಡ ಗಡಿಯಲ್ಲಿ, ಇವರು ಹಳ್ಳಿಯಲ್ಲಿ. ಓದಿದ್ದು ಎರಡನೆಯ ಇಯತ್ತೆ. ಪತ್ರ ಬರೆಸಲು ಶಾಲೆಯ ಮಾಸ್ತರರ ಹತ್ತಿರ ಹೋಗಬೇಕು. ಎಮ್ಮೆ ಈದಿದೆ, ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ, ನೀವು ಕಳಿಸಿದ ಮನಿಯಾರ್ಡರ್ ಮೈದುನನ ಕೈಗೆ ಹೋಗಿದೆ ಎಂದು ಇವರು ಹೇಳಿದರೆ, ಮಾಸ್ತರರು 'ಇತ್ತ ಸರ್ವರೂ ಕ್ಷೇಮ, ತಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರಬೇಕಾಗಿ ವಿನಂತಿ' ಎಂದು ಬರೆದು ಮಡಚಿ ಕೊಡುತ್ತಿದ್ದರು. ಗಂಡನ ಉತ್ತರವೂ ಅದೇ ಧಾಟಿಯಲ್ಲಿ ಬರುವುದು ನೋಡಿ ಕಾಕುಗೆ ರೇಗಿತು. ಮೈದುನನ ಮಗಳ ಪಾಟಿ ಇಸಿದುಕೊಂಡು ಅಕ್ಷರ ತಿದ್ದಿದರು. ಮೊದಲ ಪತ್ರವನ್ನು ತಮ್ಮ ಕೈಯಾರೆ ಬರೆದರು: ಬರುವುದಾದರೆ ಈಗ ಬನ್ನಿ, ಬಾರದಿದ್ದರೆ ನಾನು ತವರಿಗೆ ಹೋಗುತ್ತೇನೆ.

"ಆ ಪತ್ರ ತೆಗೆದುಕೊಂಡು ನೇರ ಕಂಪನಿ ಕಮಾಂಡರ್ ಸಾಹೇಬರ ಮುಂದೆ ಹೋದೆ" ಎಂದರು ಕಾಕಾ, ಇದ್ದಕ್ಕಿದ್ದಂತೆ ಗೆಲುವಾಗಿ. "ಅವರಿಗೆ ಕನ್ನಡ ಬಾರದು. ನಾನೇ ಓದಿ ಹಿಂದಿಯಲ್ಲಿ ಹೇಳಿದೆ. ಹೇಳುವಾಗ ಸ್ವಲ್ಪ ಸೇರಿಸಿದೆ. ಹದಿನೈದು ದಿನ ರಜೆ ಸಿಕ್ಕಿತು."

"ಏನು ಸೇರಿಸಿದಿರಿ?" ಕಾಕುಗೂ ಅದು ಹೊಸ ಸುದ್ದಿ.

ಕಾಕಾ ಶೇಂಗಾ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. "ನಿಮ್ಮಪ್ಪ ತೀರಿಕೊಂಡರು ಎಂದು ಹೇಳಿದೆ."

"ನಮ್ಮಪ್ಪ ಆಮೇಲೆ ಹತ್ತೊಂಬತ್ತು ವರ್ಷ ಬದುಕಿದ್ದ!" ಎಂದು ಕಾಕು ಎದ್ದು ನಿಂತರು.